ನಾಗೇಶನ ಕೈಗುಣ

ಹುಣಸೂರು ದಾಟಿ ಕಟ್ಟೆಮಳಲವಾಡಿಯ ದಾರಿ ಹಿಡಿದಾಗ ಆ ವಾಸನೆ ಬಂತು. ಶ್ರಾವಣದ ಮೊದಲ ದಿನಗಳು, ಜಿಟಿಜಿಟಿ ಮಳೆ. ಮುಂಚೆ ನಾಟಿ ಮಾಡಿದವರ ಬ್ಯಾರನ್ನುಗಳಲ್ಲಿ, ಆ ಒಲೆಯಿಟ್ಟ ಸೊಪ್ಪಿನ ಮನೆಗಳಲ್ಲಿ, ಹೊಗೆಸೊಪ್ಪು ಬೇಯಲು ಶುರುವಾಗಿತ್ತು. ಬೆಲ್ಲದ ಪಾಕದಂಥ ಸಿಹಿ ವಾಸನೆ, ಅದರ ಅಡಿಯಲ್ಲಿ ಹಸಿ ಸೌದೆಯ ಘಾಟು. ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿ ಕಾರಿನ ಗಾಜು ಇಳಿಸಿ, ಎಷ್ಟು ಚೆನ್ನಾಗಿದೆ ಅತ್ತಿಗೆ ಅಂದಳು. ಅವಳ ಮಗಳನ್ನು ಆ ಊರಿಗೆ ಕೊಟ್ಟಿದೆ. ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಹೊರಟಿದ್ದೆವು. ಒಳ್ಳೆಯ ಕೆಲಸಕ್ಕೆ ಹೋಗುವಾಗ ಮುಖ ಸಿಂಡರಿಸಬಾರದೆಂದು ಸೆರಗಿನಿಂದ ಮೂಗು ಮುಚ್ಚಿಕೊಂಡು, ಮಳೆ ನೋಡುವವಳ ಹಾಗೆ ಆಚೆ ತಿರುಗಿದೆ.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ವರ್ಷದ್ದು. ಆಗ ನಾನು ಹುಣಸೂರಿನ ಒಂದು ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ಕ್ಯಾಶ್ ಕೌಂಟರಿನ ಹಿಂದೆ ಕೂರುತ್ತಿದ್ದೆ. ಹುಟ್ಟಿದ್ದು ಕೆ.ಆರ್. ನಗರದ ನಾಲೆ ಬಯಲಿನಲ್ಲಿ. ಭತ್ತ ಗೊತ್ತು, ಕಬ್ಬು ಗೊತ್ತು, ಈ ಸೊಪ್ಪಿನ ವ್ಯವಹಾರ ಕಲಿತದ್ದು ಬ್ಯಾಂಕಿಗೆ ಸೇರಿದ ಮೇಲೆ. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ಹಗಲು ರಾತ್ರಿ ಉರಿ ಕಾಯುವುದು, ಬೇಯಿಸಿದ್ದನ್ನು ಬೇಲು ಕಟ್ಟಿ ಹರಾಜು ಕಟ್ಟೆಗೆ ಸಾಗಿಸುವುದು, ಇಷ್ಟನ್ನೂ ನನಗೆ ಬಿಡಿಸಿ ಹೇಳಿದವನು ನಾಗೇಶ. ಕಟ್ಟೆಮಳಲವಾಡಿಯ ಗೌಡರ ಮನೆಯ ಹುಡುಗ, ನಮ್ಮ ಶಾಖೆಯಲ್ಲಿ ಸಾಲದ ಆಫೀಸರು. ಶಾಖೆಯೊಳಗೆ ನನ್ನನ್ನು ಮೇಡಂ ಅನ್ನುತ್ತಿದ್ದ, ಬಾಗಿಲು ದಾಟಿದರೆ ಅಕ್ಕ. ಅಷ್ಟು ಒಳ್ಳೆಯವನಾಗಿ ಬ್ಯಾಂಕಿನಲ್ಲಿ ಯಾರೂ ಇರಬಾರದು. ಇದನ್ನು ಅವನಿಗೆ ಎದುರಿಗೇ ಹೇಳಿದ್ದೇನೆ, ನಕ್ಕಿದ್ದಾನೆ.

ನಮ್ಮ ಮ್ಯಾನೇಜರು ಶಿವಪ್ರಕಾಶ್. ಪಿರಿಯಾಪಟ್ಟಣದ ವ್ಯಾಪಾರಸ್ಥರ ಮನೆಯವರು. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ಬೆಣ್ಣೆ. ಯಾರ ಮೇಲೂ ದನಿ ಎತ್ತಿದವರಲ್ಲ. ಬೈಯುವ ಮ್ಯಾನೇಜರುಗಳ ಕೈಕೆಳಗೆ ದುಡಿದು ಬಂದಿದ್ದ ನಾನು ಮೊದಮೊದಲು ಇವರನ್ನು ದೇವರಂಥ ಮನುಷ್ಯ ಅಂದುಕೊಂಡಿದ್ದೆ. ಆಮೇಲೆ ಗಮನಿಸಿದೆ, ಈ ಮನುಷ್ಯ ಯಾವುದಕ್ಕೂ ತಮ್ಮ ಕೈ ಹಾಕುವುದಿಲ್ಲ. ಲಾಕರಿನ ಬೀಗ ಕೆಟ್ಟರೂ ಇನ್ನೊಬ್ಬರನ್ನು ಕರೆಯುತ್ತಿದ್ದರು, ಹಾರ ಹಾಕುವ ಸಮಾರಂಭದಲ್ಲೂ ಪಕ್ಕದವರ ಕೈಗೆ ಹಾರ ಕೊಟ್ಟು ತಾವು ಚಪ್ಪಾಳೆ ತಟ್ಟುತ್ತಿದ್ದರು.

ಆ ವರ್ಷ ಬೋನಸ್ಸಿನ ನಿಯಮ ಬಂತು. ಹೇಳಿಕೊಳ್ಳುವುದಕ್ಕೆ ಒಳ್ಳೆಯ ನಿಯಮವೇ. ಬ್ಯಾಂಕುಗಳ ದೊಡ್ಡ ತಲೆಗಳು ಸಿಕ್ಕಸಿಕ್ಕವರಿಗೆ ಸಾಲ ಹಂಚಿ, ಆ ವರ್ಷದ ಬೋನಸ್ಸು ತಿಂದು, ಸಾಲ ಕೆಡುವ ಹೊತ್ತಿಗೆ ಬಾಯಿ ಒರೆಸಿಕೊಂಡು ಇನ್ನೊಂದು ಬ್ಯಾಂಕಿನಲ್ಲಿ ಕೂತಿರುತ್ತಾರೆ. ಅದಕ್ಕೇ ಮೇಲಿನಿಂದ ಕಟ್ಟಪ್ಪಣೆಯಾಗಿತ್ತು: ಬೋನಸ್ಸನ್ನು ಒಂದೇ ಸಲಕ್ಕೆ ಕೊಡಬಾರದು, ಸಾಲ ಮುಳುಗಿದರೆ ಕೊಟ್ಟದ್ದನ್ನೂ ವಾಪಸು ಕಿತ್ತುಕೊಳ್ಳಬೇಕು. ಸರ್ಕಾರದ ಉದ್ದೇಶ ದೊಡ್ಡವರ ಕೈ ಕಟ್ಟುವುದು. ನಮ್ಮ ಬ್ಯಾಂಕಿನವರು ಅದನ್ನು ಹಾಗೇ ಕೆಳಕ್ಕೆ ಇಳಿಸಿ, ಹುಣಸೂರಿನಂಥ ಶಾಖೆಗೂ ತಂದುಬಿಟ್ಟರು. ಸಾಲ ಮಂಜೂರು ಮಾಡುವಾಗ ಬೆರಳಚ್ಚಿನ ಯಂತ್ರದ ಮೇಲೆ ಯಾರ ಹೆಬ್ಬೆರಳು ಬೀಳುತ್ತದೋ ಆ ಸಾಲದ ಹೊಣೆ ಅವರದು. ಸಾಲ ಕೆಟ್ಟರೆ ಅವರ ಬೋನಸ್ಸು ಹೋಯಿತು, ಹಿಂದಿನ ವರ್ಷದ್ದನ್ನೂ ಕಕ್ಕಬೇಕು. ಬೆರಳಿಗೆ ಹೊಣೆಯಿಲ್ಲದ ಅಷ್ಟು ದಿನ ನಮ್ಮಲ್ಲಿ ಎಲ್ಲ ಸಾಲಕ್ಕೂ ಬೀಳುತ್ತಿದ್ದದ್ದು ಶಿವಪ್ರಕಾಶರ ಹೆಬ್ಬೆರಳು.

ನಿಯಮ ಬಂದ ವಾರದಲ್ಲೇ ಅವರು ನಮ್ಮನ್ನೆಲ್ಲ ಬೈಲಕುಪ್ಪೆಗೆ ಊಟಕ್ಕೆ ಕರೆದುಕೊಂಡು ಹೋದರು. ಟಿಬೆಟಿನವರ ಹೋಟೆಲು, ಹೊರಗೆ ಕೆಂಪು ಬಟ್ಟೆಯ ಸನ್ಯಾಸಿ ಹುಡುಗರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಶಿವಪ್ರಕಾಶರು ತರಕಾರಿ ಮೊಮೊ ತರಿಸಿ, ಒಂದೊಂದನ್ನೂ ಚಮಚದಿಂದ ಒಡೆದು, ಒಳಗೆ ಮಾಂಸವಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಾಗೆ ಒಡೆಯುತ್ತಲೇ, ಇನ್ನು ಮುಂದೆ ಸಾಲ ಮಂಜೂರು ಮಾಡುವ ಅಧಿಕಾರ ನಾಗೇಶನದು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗೇಶನ ಕಣ್ಣಲ್ಲಿ ನೀರು.

"ನಾನು ಕೊಡ್ತಿರೋದಲ್ಲ ಕಣಯ್ಯ, ನಿಮ್ಮ ಜನ ಕೇಳಿ ಕೊಡಿಸ್ತಿರೋದು. ನಿನ್ನ ಕೈಗುಣ ಹಂಗಿದೆ" ಅಂದರು ಶಿವಪ್ರಕಾಶ್.

ಆ ಮಾತು ಸುಳ್ಳಲ್ಲ, ಅದೇ ಅದರ ಕೆಟ್ಟತನ. ಆ ಸೀಮೆಯವರಿಗೆ ಕೈಗುಣದಲ್ಲಿ ಅಂಥ ನಂಬಿಕೆ. ಬಿತ್ತನೆಗೆ ಮೊದಲ ಬೀಜ ಯಾರ ಕೈಯಿಂದ ಬೀಳಬೇಕು, ಹಸುವಿಗೆ ಮೊದಲ ಸಲ ಹಗ್ಗ ಯಾರು ಹಾಕಬೇಕು, ಎಲ್ಲಕ್ಕೂ ಒಂದು ಕೈ ಹುಡುಕುತ್ತಾರೆ. ಬ್ಯಾರನ್ನಿಗೆ ವರ್ಷದ ಮೊದಲ ಬೆಂಕಿ ಇಡುವುದಂತೂ ಮದುವೆಯ ಶಾಸ್ತ್ರವಿದ್ದ ಹಾಗೆ. ಬೆಂಕಿ ಇಟ್ಟ ಕೈ ಒಳ್ಳೆಯದಾದರೆ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟದಾದರೆ ಕರಿ ಬೀಳುತ್ತದೆ. ನಾಗೇಶ ಮುಂಚಿನಿಂದ ಸಾಲದ ಅರ್ಜಿ ಬರೆದುಕೊಟ್ಟ ಮನೆಗಳಲ್ಲಿ ಅದೇನು ಯೋಗವೋ ಒಳ್ಳೆಯದೇ ಆಗಿತ್ತು. ಅವರು ಕಟ್ಟೆಯಲ್ಲಿ ಕೂತು, ಸಾಲ ತಗಂಡ್ರೆ ನಾಗೇಶನ ಕೈಲಿ ತಗೋಬೇಕು ಅನ್ನುತ್ತಿದ್ದರು. ಶಾಖೆಗೆ ಬಂದವರು ಮ್ಯಾನೇಜರ ಮೇಜು ದಾಟಿ ಅವನ ಮೇಜಿಗೆ ಹೋಗುತ್ತಿದ್ದರು. ಶಿವಪ್ರಕಾಶರು ಅದನ್ನು ನೋಡುತ್ತ ಕೂತಿದ್ದವರು, ಹೊಟ್ಟೆಕಿಚ್ಚು ಪಡಲಿಲ್ಲ. ಉಪಯೋಗಕ್ಕೆ ಬರುತ್ತದೆಂದು ಎತ್ತಿಟ್ಟುಕೊಂಡಿದ್ದರು.

ವಾಪಸು ಬರುವಾಗ ನಾನು ನಾಗೇಶನಿಗೆ ನೇರವಾಗಿ ಹೇಳಿದೆ. ಇದು ಅಧಿಕಾರವಲ್ಲ ಕಣೋ, ನೇಣು. ಅವರ ಕುತ್ತಿಗೆಯಿಂದ ತೆಗೆದು ನಿನ್ನ ಕುತ್ತಿಗೆಗೆ ಹಾಕಿದ್ದಾರೆ, ಬೇಡ ಅಂತ ಬರೆದುಕೊಡು ಅಂದೆ. ಅವನಿಗೆ ನನ್ನ ಮೇಲೆ ಮರುಕ ಹುಟ್ಟಿತು.

"ನೀವು ನಾಲೆ ನೀರ್ನೋರು ಅಕ್ಕ, ನಿಮ್ಗೆ ಅದು ಗೊತ್ತಾಗಕಿಲ್ಲ. ಜನ ಕೈಗುಣ ಅದೆ ಅಂತಾರೆ, ನಾನು ಕೈ ಹಿಂದುಕ್ಕೆ ತಗಂಡ್ರೆ ಪಾಪ ಸುತ್ಕತದೆ" ಅಂದ.

ಹಿಂದಿನ ವರ್ಷದ ಬೋನಸ್ಸು ಅವನ ಕೈಗೆ ಬಂದದ್ದು ಆ ದಿನಗಳಲ್ಲೇ. ಅಷ್ಟನ್ನೂ ಅಣ್ಣನ ಕೈಗೆ ಕೊಟ್ಟ. ಅಣ್ಣ ರಾಮೇಗೌಡ, ಅಪ್ಪ ಸತ್ತ ಮೇಲೆ ನಾಗೇಶನನ್ನು ಓದಿಸಿದವನು, ಊರಿನಲ್ಲಿ ಹೊಗೆಸೊಪ್ಪು ಬೆಳೆಯುವವನು. ಅವರ ಹಳೆಯ ಬ್ಯಾರನ್ನಿನ ಗೋಡೆ ಸೀಳಿಹೋಗಿತ್ತು. ನಾಗೇಶನ ಬೋನಸ್ಸಿನಿಂದ ಹೊಸದು ಎದ್ದಿತು, ಸುಟ್ಟ ಇಟ್ಟಿಗೆಯದು, ಮೇಲೆ ಹೊಳೆಯುವ ತಗಡು. ಬ್ಯಾಂಕಿನವರನ್ನೆಲ್ಲ ಬೆಂಕಿ ಇಡುವ ಶಾಸ್ತ್ರಕ್ಕೆ ಕರೆದಿದ್ದರು. ಹೀಗೇ ಶ್ರಾವಣ, ಹೀಗೇ ಜಿಟಿಜಿಟಿ ಮಳೆ. ಒಲೆಯ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ ನಾಗೇಶ ಕರ್ಪೂರ ಇಟ್ಟ. ಸೌದೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಹೆಂಗಸರು ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ರಾಮೇಗೌಡ ತಮ್ಮನ ಹೆಗಲ ಮೇಲೆ ಕೈ ಹಾಕಿ ಊರಿಗೆಲ್ಲ ತೋರಿಸಿದ. ಶಿವಪ್ರಕಾಶರು ಮೂಗಿಗೆ ಕರ್ಚೀಫು ಹಿಡಿದು ದೂರದಲ್ಲಿ ನಿಂತಿದ್ದರು. ಆ ದಿನ ಬೆಲ್ಲದಂಥ ಆ ವಾಸನೆ ನನಗೂ ಇಷ್ಟವಾಗಿತ್ತು.

ಮಾರನೆಯ ವಾರ ಪಿರಿಯಾಪಟ್ಟಣದ ಶುಂಠಿ ಮಂಡಿಯ ಸಾಹುಕಾರ ಬಂದ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಊರೂರಿನ ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕಿಸುವವನು. ಶಿವಪ್ರಕಾಶರ ಬಾಲ್ಯದ ಗೆಳೆಯ. ಕೇಳಿದ್ದು ನಮ್ಮ ಶಾಖೆ ಅಲ್ಲಿಯವರೆಗೆ ಯಾರಿಗೂ ಕೊಡದಷ್ಟು ದೊಡ್ಡ ಸಾಲ. ಅದನ್ನು ಕೊಟ್ಟರೆ ಶಾಖೆಯ ಬೆಳವಣಿಗೆ ಜಿಲ್ಲೆಗೇ ಮೊದಲು, ಮ್ಯಾನೇಜರ ಬೋನಸ್ಸೂ ಹಾಗೇ. ನಿಯಮದಲ್ಲಿ ಆ ತೂತು ಇತ್ತು: ಬೆಳವಣಿಗೆ ಮ್ಯಾನೇಜರದು, ಹೊಣೆ ಹೆಬ್ಬೆರಳಿನದು. ನಾಗೇಶ ಎರಡು ಸಲ ಮಂಡಿಗೆ ಹೋಗಿ ನೋಡಿ ಬಂದು, ಗೋದಾಮು ಖಾಲಿ ಇದೆ ಸಾರ್, ಒಸಿ ತಡೆಯೋಣ ಅಂದ. ಶಿವಪ್ರಕಾಶರು ಬೇಸರ ಮಾಡಿಕೊಳ್ಳಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೋದಾಮು ಖಾಲಿ ಇದೆ ಅಂತಲೇ ಅಲ್ಲವೇ ಅವನಿಗೆ ನಿನ್ನ ಕೈ ಬೇಕಾಗಿರೋದು, ತುಂಬಿದವರಿಗೆ ಕೈಗುಣ ಯಾಕಯ್ಯ ಅಂದರು. ಸಾಹುಕಾರ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಬಂದಿದ್ದ. ತುಂಬಿದ ಶಾಖೆಯಲ್ಲಿ, ಅಷ್ಟು ಜನ ರೈತರ ಎದುರಿಗೆ, ನಾಗೇಶನಿಗಿಂತ ಎಷ್ಟೋ ದೊಡ್ಡವನಾದ ಆ ಮನುಷ್ಯ ಬಗ್ಗಿ, ನಿಮ್ಮ ಕೈಯಿಂದ ಆಗಲಿ ಸ್ವಾಮಿ ಅಂದ. ಯಾವ ಗೌಡರ ಮಗ ಆಮೇಲೂ ಕೈ ಹಿಂದೆಗೆಯುತ್ತಾನೆ? ನಾನು ಕೌಂಟರಿನಿಂದ ನೋಡುತ್ತಿದ್ದೆ. ನಾಗೇಶ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ.

ದೀಪಾವಳಿಗೆ ಮುಂಚೆಯೇ ಮಂಡಿಯ ಬಾಗಿಲು ಮುಚ್ಚಿತು. ಶುಂಠಿಯ ಬೆಲೆ ಬಿದ್ದಿತ್ತು, ಅದು ನೆಪ. ಸಾಹುಕಾರ ಸಾಲದ ಹಣವನ್ನು ಶುಂಠಿಗೆ ಹಾಕಿಯೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಫೋನು ಸತ್ತಿತು, ಮನೆಗೆ ಬೀಗ. ಹೊಲ ಗುತ್ತಿಗೆ ಕೊಟ್ಟವರು, ಕೂಲಿ ಮಾಡಿದವರು, ಎಲ್ಲರೂ ಶಾಖೆಯ ಮುಂದೆ ಬಂದು ನಿಂತರು. ಅವರಿಗೆ ಸಮಾಧಾನ ಹೇಳಲು ಶಿವಪ್ರಕಾಶರು ನಾಗೇಶನನ್ನೇ ಕಳಿಸಿದರು. ತಾವು ಒಳಗೆ ಕೂತು, ಪಾಪ, ಪಾಪ ಅನ್ನುತ್ತಿದ್ದರು.

ಬೆಂಗಳೂರಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದ. ನಾನು ಎಲ್ಲವನ್ನೂ ಹೇಳಬೇಕೆಂದೇ ಹೋದವಳು. ಸಾಲ ಮಂಜೂರಾದಾಗ ಬೆರಳು ಇಟ್ಟದ್ದು ಯಾರು ಎಂದು ಕೇಳಿದ.

"ನಾಗೇಶ. ಆದರೆ ಇಡು ಅಂತ ಒತ್ತಾಯ ಮಾಡಿದ್ದು..."

"ಇಟ್ಟದ್ದು ಯಾರು ಅಂತ ಮಾತ್ರ ಕೇಳಿದೆ ಮೇಡಂ" ಅಂದ.

ಮೇಜಿನ ಮೇಲೆ ಕೈ ಕುಟ್ಟಿ ಉಳಿದದ್ದನ್ನೂ ಹೇಳಿದೆ. ಬೈಲಕುಪ್ಪೆಯ ಊಟ, ಎಲೆ ಅಡಿಕೆ, ಖಾಲಿ ಗೋದಾಮು, ಒಂದನ್ನೂ ಬಿಡಲಿಲ್ಲ. ಅವನು ಮರ್ಯಾದೆಯಿಂದ ಕೇಳಿಸಿಕೊಂಡ. ಬರೆದುಕೊಳ್ಳಲಿಲ್ಲ. ನಿಯಮದಲ್ಲಿ ಒತ್ತಾಯಕ್ಕೆ ಜಾಗವಿಲ್ಲ, ಬೆರಳಿಗೆ ಮಾತ್ರ ಇದೆ. ಬೋನಸ್ಸಿನ ದುರಾಸೆಗೆ ಕಡಿವಾಣ ಹಾಕಲೆಂದೇ ಸರ್ಕಾರ ಇದನ್ನು ಮಾಡಿರುವುದು, ನಾವು ಸಡಿಲ ಬಿಡಲಾಗುವುದಿಲ್ಲ ಅಂದ. ನಾಗೇಶನ ದುರಾಸೆ! ಜೇಬಿನಲ್ಲಿ ಯಾವತ್ತೂ ಒಂದು ಬೀಡಿ ಕಟ್ಟಿನ ದುಡ್ಡು ಇಟ್ಟುಕೊಳ್ಳದ ನಾಗೇಶನ ದುರಾಸೆ. ಆ ಹುಡುಗನ ಕೆನ್ನೆಗೆ ಬಾರಿಸಬೇಕು ಅನ್ನಿಸಿದ್ದು ನಿಜ.

ನಾಗೇಶನ ಕೆಲಸ ಹೋಯಿತು. ಆ ವರ್ಷದ ಬೋನಸ್ಸಿಲ್ಲ, ಹಿಂದಿನದನ್ನು ವಾಪಸು ಕಟ್ಟಬೇಕು. ಆದರೆ ಹಿಂದಿನದು ಹೊಲದಲ್ಲಿ ಬ್ಯಾರನ್ನಾಗಿ ನಿಂತಿತ್ತಲ್ಲ. ಇಟ್ಟಿಗೆ ಕಿತ್ತು ಕೊಡಲಾಗುತ್ತದೆಯೇ? ಆ ಬ್ಯಾರನ್ನಿನಲ್ಲಿ ಬೆಂದ ಮೊದಲ ವರ್ಷದ ಸೊಪ್ಪು, ನಾನು ನೋಡಿದ್ದೇನೆ, ಬಂಗಾರದ ಬಣ್ಣದ್ದು, ಹರಾಜು ಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋಯಿತು. ಆ ಹಣವನ್ನು ರಾಮೇಗೌಡ ತಂದು ನನ್ನ ಕೌಂಟರಿನಲ್ಲಿ ಕಟ್ಟಿದ. ವರ್ಷವಿಡೀ ದುಡಿದದ್ದನ್ನು ಗಾಜಿನ ಕಿಂಡಿಯ ಅಡಿಯಲ್ಲಿ ತಳ್ಳಿ, ರಸೀತಿ ತೆಗೆದುಕೊಂಡು, ಬೆಂಚಿನ ಮೇಲೆ ಕೂತಿದ್ದ ತಮ್ಮನ ಕಡೆ ನೋಡದೆ ಹೊರಟ. ನಾಗೇಶ ಹಿಂದೆಯೇ ಎದ್ದು ಹೋದ. ಬಾಗಿಲಲ್ಲಿ ರಾಮೇಗೌಡ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಇನ್ನು ಬ್ಯಾರನ್ ಕಡೀಕ್ ಬರಬ್ಯಾಡ ಕಣ್ಲಾ. ನಿನ್ ಕೈ ಮುಟ್ಟಿದ್ದು ಏನೂ ಏಳಕಿಲ್ಲ."

ಬಂಗಾರದ ಬಣ್ಣದ ಸೊಪ್ಪನ್ನು ಬೇಯಿಸಿದ ಬೆಂಕಿ ಅದೇ ಕೈಯದು. ಅದು ರಾಮೇಗೌಡನ ನೆನಪಿಗೆ ಬರಲಿಲ್ಲ. ಊರಿನವರಿಗೂ ಬರಲಿಲ್ಲ. ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದ ಹೆಂಗಸರು ನಾಗೇಶ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದರಂತೆ. ಬಾಣಂತಿಯೊಬ್ಬಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳಂತೆ. ಇದನ್ನು ಅವನೇ ನನಗೆ ಹೇಳಿದ, ದೂರು ಹೇಳುವವನ ಹಾಗಲ್ಲ, ಅವರು ಮಾಡಿದ್ದು ಸರಿ ಅನ್ನುವವನ ಹಾಗೆ. ಅವತ್ತು ನಾನು ಅವನ ಮೇಲೆ ರೇಗಿದೆ. ಮೋಸ ಮಾಡಿದವರನ್ನು ಬಿಟ್ಟು ನಿನ್ನ ಬೆರಳನ್ನು ಯಾಕೆ ಬೈಯುತ್ತೀಯ ಅಂದೆ. ಅವನು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಶಿವಪ್ರಕಾಶರಿಗೆ ಬೋನಸ್ಸು ಬಂತು, ಬಡ್ತಿಯೂ ಬಂತು. ಮೈಸೂರಿನ ವಲಯ ಕಚೇರಿಗೆ ಹೋಗುವ ಮುನ್ನ ಅವರು ರಾಮೇಗೌಡನ ಮನೆಗೆ ಹಣ್ಣಿನ ಬುಟ್ಟಿಯೊಂದಿಗೆ ಹೋಗಿದ್ದರು. ನಿಮ್ಮ ತಮ್ಮನನ್ನು ಉಳಿಸಲು ಎಷ್ಟು ಒದ್ದಾಡಿದೆನೆಂದು ಹೇಳಿ ಕಣ್ಣು ಒರೆಸಿಕೊಂಡರಂತೆ. ಮುಂದಿನ ಬೆಳೆಗೆ ರಾಮೇಗೌಡನಿಗೆ ಹೊಸ ಸಾಲ ಕೊಡಿಸಿದರು. ನಾಗೇಶನ ಕುರ್ಚಿಗೆ ಬಂದ ಹೊಸ ಆಫೀಸರನ ಹೆಬ್ಬೆರಳಿನಿಂದ. ಅವರ ಬೀಳ್ಕೊಡುಗೆಗೆ ನಾನು ರಜೆ ಹಾಕಿದೆ. ಸ್ವಲ್ಪ ದಿನಕ್ಕೆ ಕೆಲಸವನ್ನೂ ಬಿಟ್ಟೆ. ಮೈಸೂರಿಗೆ ಬಂದು ನೆಲೆಸಿದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ಹೆಸರಿಡುವ ಶಾಸ್ತ್ರ ಮುಗಿದು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಮಗುವಿನ ಮನೆಯವರು, ರಾಮೇಗೌಡ್ರ ಬ್ಯಾರನ್ನಿಗೆ ಇವತ್ತು ಬೆಂಕಿ ಇಡ್ತಾರೆ, ನೋಡ್ಕಂಡ್ ಬರನ ಬನ್ನಿ ಅಂದರು. ನಾನು ಒಲ್ಲೆ ಅಂದೆ. ನಾದಿನಿ ಕೈ ಹಿಡಿದು ಎಳೆದುಕೊಂಡು ಹೋದಳು.

ಅದೇ ಬ್ಯಾರನ್ನು. ತಗಡು ಈಗ ತುಕ್ಕು ಹಿಡಿದಿದೆ. ಮುಂದೆ ಒಂದು ಬಿಳಿ ಕಾರು, ಅದರ ಪಕ್ಕದಲ್ಲಿ ಊರಿನವರು ಹೊದಿಸಿದ ಶಾಲಿನಲ್ಲಿ ಶಿವಪ್ರಕಾಶ್. ನಿವೃತ್ತರಾಗಿದ್ದಾರೆ, ವಿಭೂತಿ ಮಾತ್ರ ಹಾಗೇ ಇದೆ. ಅವರೇ ಈಗ ಪ್ರತಿ ವರ್ಷ ಬಂದು ಮೊದಲ ಬೆಂಕಿ ಇಡುವವರಂತೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನಗೆ ಗುಟ್ಟು ಹೇಳುವಂತೆ, ಅವರು ಮುಟ್ಟಿದ್ದು ಒಂದೂ ಕೆಟ್ಟಿಲ್ಲ ಕಣಕ್ಕ ಅಂದಳು. ಕೆಡುವುದು ಹೇಗೆ, ಅವರು ಏನನ್ನಾದರೂ ಮುಟ್ಟಿದ್ದರೆ ತಾನೆ? ನಾಲಿಗೆಯ ತುದಿಗೆ ಬಂದದ್ದನ್ನು ಪರರ ಮನೆಯ ಶುಭಕಾರ್ಯವೆಂದು ನುಂಗಿಕೊಂಡೆ.

ಬ್ಯಾರನ್ನಿನ ಹಿಂದೆ ಸೌದೆ ಹೊರುತ್ತಿದ್ದವನು ನಾಗೇಶ. ಕೂದಲು ನೆರೆತಿತ್ತು. ನನ್ನನ್ನು ಕಂಡು ಹೊರೆ ಇಳಿಸಿ, ಬಂದ್ರಾ ಅಕ್ಕ ಅಂದ. ಕಾಲ ಕಳೆದ ಮೇಲೆ ಅಣ್ಣನೇ ಹೊಲದಲ್ಲಿ ಕೂಲಿಗೆ ಇಟ್ಟುಕೊಂಡಿದ್ದಾನೆ. ಸೌದೆ ಒಡೆಯುತ್ತಾನೆ, ಹೊರುತ್ತಾನೆ, ಉರಿ ಹತ್ತಿದ ಮೇಲೆ ಕಾಯುತ್ತಾನೆ. ಹಚ್ಚುವಾಗ ಮಾತ್ರ ಮುಂದೆ ಬರಬಾರದು. ಈ ಮನುಷ್ಯ ಹಚ್ಚುವುದನ್ನು ನೋಡಿಕೊಂಡು ಹೇಗೆ ನಿಲ್ಲುತ್ತೀಯೋ ಅಂದೆ.

"ಬುಡಿ ಅಕ್ಕ. ಸಾಹೇಬ್ರು ಕೈಗುಣ ಒಳ್ಳೇದು" ಅಂದ. ವ್ಯಂಗ್ಯವಿರಬಹುದೇನೋ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಅವನು ಅದನ್ನು ನಂಬಿದ್ದ.

ಶಿವಪ್ರಕಾಶರು ಕರ್ಪೂರ ಹಚ್ಚಿ ಒಲೆಯ ಬಾಯಿಗೆ ಹಾಕಿದರು. ಜನ ಕೈಮುಗಿದರು. ಅವರು ಕರ್ಚೀಫಿನಿಂದ ಕೈ ಒರೆಸಿಕೊಂಡು, ಹೊಗೆಗೆ ಕೆಮ್ಮುತ್ತ, ಊಟಕ್ಕೆಂದು ಮನೆಯ ಕಡೆ ನಡೆದರು. ಜನ ಅವರ ಹಿಂದೆ ಹೋದರು. ಬಾಗಿ ನೋಡಿದರೆ ಕರ್ಪೂರ ಉರಿದು ಮುಗಿದಿತ್ತು, ಮಳೆಗೆ ನೆಂದ ಸೌದೆ ಹೊತ್ತಿಕೊಂಡಿರಲಿಲ್ಲ. ಒಲೆ ತಣ್ಣಗಿತ್ತು. ಅಲ್ಲಿ ಉಳಿದವರು ರಾಮೇಗೌಡ, ನಾಗೇಶ, ನಾನು. ರಾಮೇಗೌಡ ಮನೆಯ ಕಡೆ ಒಮ್ಮೆ ನೋಡಿದ, ಒಲೆಯ ಕಡೆ ನೋಡಿದ. ಒಳಗೆ ಹಸಿ ಸೊಪ್ಪು ತುಂಬಿತ್ತು, ತಡಮಾಡಿದರೆ ಕೊಳೆಯುತ್ತದೆ.

"ಹಚ್ಚಲಾ ಬಿರ್ರನೆ" ಅಂದ ತಮ್ಮನಿಗೆ, ದನಿ ತಗ್ಗಿಸಿ. "ಯಾರ್ಗೂ ಯೋಳ್ಬ್ಯಾಡ. ಸಾಹೇಬ್ರು ಹಚ್ಚಿದ್ದೇ ಲೆಕ್ಕ."

ನಾಗೇಶ ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿ ಮನೆದೇವರನ್ನು ನೆನೆದ, ಆ ದಿನ ಯಂತ್ರದ ಮುಂದೆ ನೆನೆದಂತೆಯೇ. ಕಡ್ಡಿ ಗೀರಿ, ಮಂಡಿಯೂರಿ ಊದಿದ. ಸೌದೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬೂದಿ ಮೆತ್ತಿದ ಆ ಮುಖದಲ್ಲಿ ಕಂಡ ಸಂತೋಷವನ್ನು ನನಗೆ ನೋಡಲಾಗಲಿಲ್ಲ. ಅವನು ಬೇಗ ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೌದೆಯ ರಾಶಿಯ ಕಡೆಗೆ ಹೋದ.

ಈ ವರ್ಷ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿದರೆ ಶಿವಪ್ರಕಾಶರಿಗೆ ಮೈಸೂರಿಗೆ ಇನ್ನೊಂದು ಶಾಲು ಹೋಗುತ್ತದೆ. ಕರಿ ಬಿದ್ದರೆ, ಬೆಂಕಿ ಹಚ್ಚಿದ್ದು ಯಾರೆಂದು ರಾಮೇಗೌಡನಿಗೆ ಆ ಕೂಡಲೇ ನೆನಪಾಗುತ್ತದೆ.